ಕಥೆಯ ನೌಕೆಯಲ್ಲಿ ನೆಲ ಯಾವ ಕಡೆಗಿದೆ?

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಅಂತರಿಕ್ಷಯಾನದ ಕಥೆಗಳು ಈಚೆಗೆ ಆಗಾಗ ಪ್ರಕಟವಾಗುತ್ತಿರುವುದು ನನ್ನಂಥ ಹಳೆಯ ಓದುಗರಿಗೆ ಸಂತೋಷದ ಸಂಗತಿ. ಶುಭಾಂಶು ಶುಕ್ಲಾ ಅವರು 2025ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಸೇರಿದ ಮೇಲೆ, 2035ರ ಹೊತ್ತಿಗೆ ಭಾರತದ್ದೇ ಆದ ನಿಲ್ದಾಣ ಭೂಮಿಯನ್ನು ಸುತ್ತಬೇಕೆಂಬ ಗುರಿ ಘೋಷಣೆಯಾದ ಮೇಲೆ, ನಮ್ಮ ತರುಣರು ಇಂಥ ವಸ್ತುವಿಗೆ ಕೈಹಾಕುವುದು ಸಹಜವೇ ಆಗಿದೆ. ಪುಣೆಯಲ್ಲಿ ನೆಲೆಸಿದ್ದ ಖಗೋಳ ವಿಜ್ಞಾನಿ ಜಯಂತ ನಾರಳೀಕರರು ಮರಾಠಿಯಲ್ಲಿ ವಿಜ್ಞಾನ ಕಥೆಗಳನ್ನು ಬರೆದು ಆ ಪ್ರಕಾರಕ್ಕೆ ತಂದುಕೊಟ್ಟ ಮರ್ಯಾದೆಯನ್ನು ಮುಂಬಯಿಯ ಕನ್ನಡಿಗರಾದ ನಾವು ಹತ್ತಿರದಿಂದ ಕಂಡವರು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ಬಹಳ ಹಿಂದೆಯೇ ಈ ದಾರಿಯಲ್ಲಿ ನಡೆದಿದ್ದಾರೆ. ಈಗ ಬರೆಯುತ್ತಿರುವವರ ಉತ್ಸಾಹಕ್ಕೆ ತಣ್ಣೀರೆರಚುವ ಉದ್ದೇಶ ನನಗಿಲ್ಲ; ಅವರ ಕಥೆಗಳು ಇನ್ನಷ್ಟು ಗಟ್ಟಿಯಾಗಬೇಕೆಂಬ ಆಸೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಈ ಕಥೆಗಳಲ್ಲಿ ಬಹುಪಾಲು ಒಂದೇ ಬಗೆಯ ದೃಶ್ಯ ಕಾಣುತ್ತದೆ. ನೌಕೆಯ ನಾಯಕ ಉದ್ದನೆಯ ಮೊಗಸಾಲೆಯಲ್ಲಿ ನಡೆದು ಬರುತ್ತಾನೆ, ಮೇಜಿನ ಮುಂದೆ ಕುಳಿತು ಕಾಫಿ ಕುಡಿಯುತ್ತಾನೆ, ಎದುರಿನ ದೊಡ್ಡ ಗಾಜಿನಾಚೆ ನಕ್ಷತ್ರಗಳು ಹಿಂದಕ್ಕೆ ಸರಿಯುತ್ತವೆ. ಅವನ ಪಾದವನ್ನು ನೆಲಕ್ಕೆ ಒತ್ತಿಹಿಡಿದಿರುವುದು ಯಾವುದು, ಕಾಫಿ ಲೋಟದ ತಳದಲ್ಲೇ ಏಕೆ ನಿಂತಿದೆ ಎಂಬ ಪ್ರಶ್ನೆ ಕಥೆಗಾರರಿಗೂ ಬರುವುದಿಲ್ಲ, ಚಿತ್ರ ಬಿಡಿಸುವವರಿಗೂ ಬರುವುದಿಲ್ಲ. ದಾದರ್‌ನ ವಾಸ್ತುಶಿಲ್ಪಿಗಳ ಕಚೇರಿಯೊಂದರಲ್ಲಿ ಪ್ಲಾನುಗಳನ್ನೂ, ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ಒಳಗನ್ನು ತೋರಿಸುವ ಸೆಕ್ಷನ್ನುಗಳನ್ನೂ ಬರೆಯುತ್ತಲೇ ವಯಸ್ಸು ಕಳೆದ ನನಗೆ ಮೊದಲು ಕಣ್ಣಿಗೆ ಬೀಳುವುದು ಅದೇ. ಯಾವ ಕಟ್ಟಡವೇ ಆಗಲಿ, ಭಾರ ಯಾವ ದಿಕ್ಕಿಗೆ ಇಳಿಯುತ್ತದೆಂದು ತಿಳಿಯದೆ ಅದರ ಸೆಕ್ಷನ್ ಬರೆಯಲು ಬರುವುದಿಲ್ಲ. ಅಂತರಿಕ್ಷ ನೌಕೆಯ ವಿಷಯದಲ್ಲಂತೂ ಆ ದಿಕ್ಕು ತಾನಾಗಿ ಒದಗಿ ಬರುವುದಿಲ್ಲ, ಕಥೆಗಾರನೇ ಅದನ್ನು ಗೊತ್ತುಮಾಡಬೇಕು. ನಾಯಕನ ಹೆಸರಿಗಿಂತ ಮೊದಲೇ ಅದನ್ನು ಗೊತ್ತುಮಾಡಿಕೊಂಡರೆ ಕೋಣೆ, ಮೆಟ್ಟಿಲು, ಅಡುಗೆಮನೆ, ಹಾಸಿಗೆ, ಯಾರ ವಾಸ ಎಲ್ಲಿ ಎಂಬುದೆಲ್ಲ ಅದರಿಂದಲೇ ಹುಟ್ಟಿಬರುತ್ತವೆ ಎಂಬುದು ನನ್ನ ನಂಬಿಕೆ.

ಎಂಜಿನ್ ನಿಲ್ಲಿಸಿಕೊಂಡು, ತಿರುಗದೆ ಸಾಗುವ ನೌಕೆಯಲ್ಲಿ ತೂಕವಿಲ್ಲ, ಆದ್ದರಿಂದ ನೆಲವೂ ಇಲ್ಲ. ಇವತ್ತು ಮನುಷ್ಯರು ನಿಜವಾಗಿ ವಾಸಿಸುತ್ತಿರುವುದು ಇಂಥ ಮನೆಯಲ್ಲೇ. 1984ರಲ್ಲಿ ರಾಕೇಶ್ ಶರ್ಮಾ ಅವರು ಸೋವಿಯತ್ ನಿಲ್ದಾಣವಾದ ಸಲ್ಯೂತ್ 7ರಲ್ಲಿ ಕಳೆದದ್ದೂ ಇಂಥ ದಿನಗಳನ್ನೇ. ಈಗಿನ ನಿಲ್ದಾಣದ ಹಾರ್ಮನಿ ಎಂಬ ವಿಭಾಗದಲ್ಲಿ ಮಲಗುವ ಗೂಡುಗಳು ನಾಲ್ಕಿವೆ: ಎಡಗೋಡೆಯಲ್ಲಿ ಒಂದು, ಬಲಗೋಡೆಯಲ್ಲಿ ಒಂದು, ನೆಲದಲ್ಲಿ ಒಂದು, ಸೂರಿನಲ್ಲಿ ಒಂದು. ಅಷ್ಟು ಸ್ವಾತಂತ್ರ್ಯವಿದ್ದರೂ ಕಣ್ಣಿಗೆ ಮೇಲು ಕೆಳಗು ಬೇಕೇ ಬೇಕೆಂಬುದು ಅಮೆರಿಕದ 1973ರ ನಿಲ್ದಾಣವಾದ ಸ್ಕೈಲ್ಯಾಬ್‌ನಲ್ಲೇ ತಿಳಿದುಬಂತು. ಅದರ ಮುಖ್ಯ ಕಾರ್ಯಾಗಾರಕ್ಕೆ ಜಾಲರಿಯ ನೆಲ ಹಾಸಿ ಸಾಮಾನ್ಯ ಕೋಣೆಯಂತೆ ಕಟ್ಟಿದ್ದರು. ಅದಕ್ಕೆ ಸೇರಿದ ಇನ್ನೊಂದು ವಿಭಾಗದಲ್ಲಿ ಉಪಕರಣಗಳನ್ನು ಸುತ್ತಲಿನ ಎಲ್ಲ ಗೋಡೆಗಳಿಗೂ ಸಿಕ್ಕ ಸಿಕ್ಕ ದಿಕ್ಕಿನಲ್ಲಿ ಜೋಡಿಸಿದ್ದರು. ಗಗನಯಾತ್ರಿಗಳಿಗೆ ಮೊದಲನೆಯದರಲ್ಲಿ ಕೆಲಸ ಸಲೀಸಾಗಿ ಸಾಗಿತು, ಎರಡನೆಯದರಲ್ಲಿ ದಿಕ್ಕು ತಪ್ಪಿದಂತಾಗುತ್ತಿತ್ತು. ಹಾಗಾಗಿಯೇ ಈಗಿನ ನಿಲ್ದಾಣದಲ್ಲಿ ದೀಪಗಳನ್ನು ಸೂರೆಂದು ಕರೆಯುವ ಕಡೆಗೇ ಇಟ್ಟು, ಫಲಕಗಳ ಬರಹವನ್ನೂ ಒಂದೇ ದಿಕ್ಕಿಗೆ ನಿಲ್ಲಿಸಿದ್ದಾರೆ. ಆದರೆ ತೂಕವಿಲ್ಲದ ಬಾಳುವೆಯಲ್ಲಿ, ಭಾರ ಹೊರುವ ಎಲುಬುಗಳು ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸವೆಯುತ್ತವೆ. ಅದನ್ನು ತಡೆಯಲು ದಿನಕ್ಕೆ ಸುಮಾರು 2 ಗಂಟೆ ವ್ಯಾಯಾಮ ಮಾಡಬೇಕು. ವರ್ಷಗಟ್ಟಲೆ ಸಾಗುವ ಕಥೆಗೆ ಕೃತಕ ಗುರುತ್ವ ಬೇಕೆನ್ನಿಸುವುದು ಇದಕ್ಕಾಗಿ.

ಅದನ್ನು ಪಡೆಯುವ ಸರಳ ಉಪಾಯ ಎಂಜಿನ್ನನ್ನು ಆರಿಸದೆ ಉರಿಸುತ್ತಲೇ ಇರುವುದು. ನೌಕೆ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 9.8 ಮೀಟರಿನಷ್ಟು ವೇಗ ಹೆಚ್ಚಿಸಿಕೊಳ್ಳುತ್ತಿದ್ದರೆ ಒಳಗಿದ್ದವರಿಗೆ ಭೂಮಿಯ ಮೇಲಿದ್ದಷ್ಟೇ ತೂಕವಿರುತ್ತದೆ, ಮತ್ತು ಕೆಳಗು ಎಂಬುದು ಎಂಜಿನ್ ಇರುವ ಕಡೆಗಾಗುತ್ತದೆ. ಅಂದರೆ ಅಂಥ ನೌಕೆಯ ಒಳಾಂಗಣ ಹಡಗಿನ ಅಟ್ಟಗಳ ಹಾಗೆ ಉದ್ದಕ್ಕೆ ಮಲಗಿರಲಾರದು. ಲೋವರ್ ಪರೇಲಿನಲ್ಲಿ ಗಿರಣಿಗಳಿದ್ದ ಜಾಗದಲ್ಲಿ ಎದ್ದಿರುವ ಗೋಪುರ ಕಟ್ಟಡಗಳ ಮಾದರಿಯಲ್ಲಿ ಅದು ಮಹಡಿಯ ಮೇಲೆ ಮಹಡಿಯಾಗಿ ನಿಲ್ಲಬೇಕು. ಪ್ರಯಾಣದ ದಿಕ್ಕು ತಲೆಯ ಮೇಲಿರುವುದರಿಂದ, ಹೋಗುತ್ತಿರುವ ಗ್ರಹವನ್ನು ನೋಡಬೇಕಾದವನು ಗಾಜಿನ ಚಾವಣಿಯಿರುವ ಮೇಲ್ಮಹಡಿಗೆ ಹೋಗಿ ಕತ್ತೆತ್ತಬೇಕು. ಈ ವೇಗದ ಲೆಕ್ಕ ದಂಗುಬಡಿಸುವಂಥದು: ಮಂಗಳ ಗ್ರಹ ನಮಗೆ ಅತಿ ಹತ್ತಿರ ಬಂದಾಗಿನ ಸುಮಾರು 5.6 ಕೋಟಿ ಕಿಲೋಮೀಟರ್ ದೂರವನ್ನು, ಅರ್ಧ ದಾರಿ ವೇಗ ಹೆಚ್ಚಿಸುತ್ತ, ಉಳಿದರ್ಧ ದಾರಿ ತಗ್ಗಿಸುತ್ತ ಹೋದರೆ 42 ಗಂಟೆಗಳಲ್ಲಿ ಕ್ರಮಿಸಬಹುದು. ಅಷ್ಟು ಬಲವಾಗಿ ಅಷ್ಟು ಹೊತ್ತು ಉರಿಯುವ ಎಂಜಿನ್ ಇವತ್ತು ಯಾರ ಬಳಿಯೂ ಇಲ್ಲ, ನಮ್ಮ ರಾಕೆಟ್ಟುಗಳು ಉರಿಯುವುದು ನಿಮಿಷಗಳ ಲೆಕ್ಕದಲ್ಲಿ. ಆದರೆ ಕಥೆಗಾರನಿಗೆ ಅಷ್ಟು ಊಹಿಸಿಕೊಳ್ಳುವ ಹಕ್ಕಿದೆ. ಊಹಿಸಿಕೊಂಡ ಮೇಲೆ ಅದರ ಫಲವನ್ನು ಅವನು ಪೂರ್ತಿಯಾಗಿ ಒಪ್ಪಿಕೊಳ್ಳಬೇಕು. ಅರ್ಧ ದಾರಿಯಲ್ಲಿ ಎಂಜಿನ್ ಆರಿಸಿ ನೌಕೆಯನ್ನು ಹಿಂದುಮುಂದಾಗಿ ತಿರುಗಿಸುವ ಆ ಕೆಲವು ನಿಮಿಷ ಒಳಗಿನ ಪ್ರತಿಯೊಂದು ವಸ್ತುವೂ ತೇಲುತ್ತದೆ. ಮತ್ತೆ ಎಂಜಿನ್ ಹೊತ್ತಿಕೊಂಡಾಗ, ಈಗ ವೇಗ ತಗ್ಗುತ್ತಿದ್ದರೂ, ಅದೇ ನೆಲ ನೆಲವಾಗಿಯೇ ಉಳಿಯುತ್ತದೆ. ಬಚ್ಚಲ ಬಕೆಟ್ಟಿಗೂ ಸಾರಿನ ಪಾತ್ರೆಗೂ ಬಿಗಿಯಾದ ಮುಚ್ಚಳ ಬೇಕಾಗುವುದು ಆ ಕೆಲವು ನಿಮಿಷಗಳಿಗಾಗಿ. ಇಂಥ ನೌಕೆಯನ್ನು ವಿಮಾನದಂತೆ ಅಡ್ಡಡ್ಡ ಇಳಿಸಿದರೆ ನೆಲಗಳೆಲ್ಲ ಗೋಡೆಗಳಾಗುತ್ತವೆ. ಅದು ಬಾಲದ ಮೇಲೆಯೇ ನಿಲ್ಲಬೇಕು.

ಎರಡನೆಯ ಉಪಾಯ ನೌಕೆಯನ್ನು ಗಿರ್ರನೆ ತಿರುಗಿಸುವುದು. ಚಿತ್ರಕಾರರಿಗೂ ಕಥೆಗಾರರಿಗೂ ನಿಜವಾದ ಸಂಪತ್ತು ಇರುವುದು ಇಲ್ಲಿ. ಒಳಗಿದ್ದವರನ್ನು ಹೊರ ಅಂಚಿನ ಗೋಡೆ ಸದಾ ಒಳಕ್ಕೆ ತಳ್ಳುತ್ತಿರುವುದರಿಂದ ಆ ಗೋಡೆಯೇ ಅವರಿಗೆ ನೆಲವಾಗುತ್ತದೆ, ನಡುವಿನ ಅಕ್ಷವೇ ಆಕಾಶವಾಗುತ್ತದೆ. ರಷ್ಯಾದ ರಾಕೆಟ್ ತಜ್ಞ ತ್ಸಿಯೋಲ್ಕೋವ್‌ಸ್ಕಿ ಇದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಯೋಚಿಸಿದ್ದರು. ಆಸ್ಟ್ರಿಯಾದ ಎಂಜಿನಿಯರ್ ಹರ್ಮನ್ ಪೊಟೊಚ್ನಿಕ್ 1920ರ ದಶಕದ ಕೊನೆಯಲ್ಲಿ 30 ಮೀಟರ್ ವ್ಯಾಸದ ವಾಸದ ಚಕ್ರವೊಂದರ ನಕ್ಷೆಯನ್ನು ಕೋಣೆ ಕೋಣೆಯಾಗಿ ಬರೆದರು. ರಾಕೆಟ್ ಎಂಜಿನಿಯರ್ ವರ್ನರ್ ಫಾನ್ ಬ್ರೌನ್ 1952ರಲ್ಲಿ ಮುಂದಿಟ್ಟ ಚಕ್ರ ಸುಮಾರು 76 ಮೀಟರ್ ವ್ಯಾಸದ್ದು. ನಿಮಿಷಕ್ಕೆ 3 ಸುತ್ತಿನಂತೆ ಅದು ಭೂಮಿಯ ಮೂರನೇ ಒಂದಕ್ಕಿಂತ ತುಸು ಹೆಚ್ಚಿನ ತೂಕವನ್ನು ಕೊಡುತ್ತಿತ್ತು. 1975ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ನಾಸಾ ನಡೆಸಿದ ಬೇಸಗೆ ಅಧ್ಯಯನದಲ್ಲಿ 10,000 ಜನರಿಗಾಗಿ ರೂಪಿಸಿದ ಬಳೆಯಾಕಾರದ ಊರಿನ ವ್ಯಾಸ ಸುಮಾರು 1.8 ಕಿಲೋಮೀಟರ್. ನಿಜವಾಗಿ ಮಾಡಿನೋಡಿದ್ದು ಮಾತ್ರ ಬಹಳ ಕಡಿಮೆ: 1966ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಜೆಮಿನಿ 11 ನೌಕೆಯನ್ನು 30 ಮೀಟರ್ ಹಗ್ಗದಿಂದ ಇನ್ನೊಂದು ವಾಹನಕ್ಕೆ ಕಟ್ಟಿ ನಿಧಾನವಾಗಿ ತಿರುಗಿಸಿದಾಗ ಹುಟ್ಟಿದ ತೂಕ ಲೆಕ್ಕಕ್ಕೆ ಸಿಕ್ಕಿತೇ ಹೊರತು ಮೈಗೆ ತಿಳಿಯುವಷ್ಟಿರಲಿಲ್ಲ.

ಎಷ್ಟು ದೊಡ್ಡ ಚಕ್ರ, ಎಷ್ಟು ಸುತ್ತು ಎಂಬುದು ಕಥೆಗಾರನ ಇಷ್ಟಕ್ಕೆ ಬಿಟ್ಟದ್ದಲ್ಲ. ಪೂರ್ಣ ತೂಕ ಬೇಕೆಂದರೆ ನಿಮಿಷಕ್ಕೆ 1 ಸುತ್ತಿಗೆ ಸುಮಾರು 895 ಮೀಟರ್ ತ್ರಿಜ್ಯ ಬೇಕು, 2 ಸುತ್ತಿಗೆ 224 ಮೀಟರ್, 4 ಸುತ್ತಿಗೆ 56 ಮೀಟರ್. ಪುರವಣಿಯ ಚಿತ್ರಗಳಲ್ಲಿ ಕಾಣುವಂಥ 20 ಮೀಟರ್ ಅಗಲದ ಪುಟ್ಟ ಚಕ್ರವಾದರೆ ನಿಮಿಷಕ್ಕೆ 9 ಸುತ್ತಿಗೂ ಮಿಕ್ಕಿ ತಿರುಗಬೇಕು. ಅಲ್ಲಿ ನಿಂತವನ ತಲೆಯ ಮಟ್ಟದಲ್ಲಿರುವ ಗುರುತ್ವ ಪಾದದ ಮಟ್ಟದ್ದಕ್ಕಿಂತ ಆರನೇ ಒಂದರಷ್ಟು ಕಡಿಮೆ, ಕತ್ತು ಹೊರಳಿಸಿದರೆ ತಲೆ ಸುತ್ತಿ ವಾಂತಿ ಬರುತ್ತದೆ. ಅಮೆರಿಕದ ಪೆನ್ಸಕೋಲಾದಲ್ಲಿ ವೈದ್ಯ ಆಷ್ಟನ್ ಗ್ರೇಬೀಲ್ ಮತ್ತು ಸಂಗಡಿಗರು ನಿಧಾನವಾಗಿ ತಿರುಗುವ ಕೋಣೆಯೊಂದರಲ್ಲಿ ಜನರನ್ನು ದಿನಗಟ್ಟಲೆ ಇರಿಸಿ ಇದನ್ನೆಲ್ಲ ಪರೀಕ್ಷಿಸಿದ್ದಾರೆ: ಕಡಿಮೆ ಸುತ್ತಿಗೆ ಹೆಚ್ಚಿನವರು ಹೊಂದಿಕೊಳ್ಳುತ್ತಾರೆ, ಸುತ್ತು ಏರಿದಂತೆ ಹೊಂದಿಕೊಳ್ಳುವುದು ಕಷ್ಟವಾಗುತ್ತದೆ.

56 ಮೀಟರ್ ತ್ರಿಜ್ಯದ, ನಿಮಿಷಕ್ಕೆ 4 ಸುತ್ತಿನ ನೌಕೆಯನ್ನೇ ಇಟ್ಟುಕೊಂಡು ಒಳಗೆ ಹೋಗೋಣ. ಅದರ ನೆಲ ಗಂಟೆಗೆ ಸುಮಾರು 84 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುತ್ತದೆ. ಭೂಮಿಯ ಮೇಲೆ 60 ಕಿಲೋ ತೂಗುವವನು ಅಲ್ಲಿ ನೌಕೆ ತಿರುಗುವ ದಿಕ್ಕಿಗೇ ಸೆಕೆಂಡಿಗೆ 5 ಮೀಟರಿನಂತೆ ಓಡಿದರೆ 88 ಕಿಲೋ ತೂಗುತ್ತಾನೆ, ಎದುರು ದಿಕ್ಕಿಗೆ ಓಡಿದರೆ 37ಕ್ಕೆ ಇಳಿಯುತ್ತಾನೆ. ಸುಮ್ಮನೆ ನಡೆದಾಡಿದರೂ ಏಳೆಂಟು ಕಿಲೋ ಏರಿಳಿತ ತಪ್ಪಿದ್ದಲ್ಲ. ಅಕ್ಷಕ್ಕೆ ಸಮಾಂತರವಾಗಿ ನಡೆದರೆ ಮಾತ್ರ ಈ ತೊಂದರೆ ಇಲ್ಲ. ಆದ್ದರಿಂದ ಜನ ದಿನವೂ ಓಡಾಡುವ ಮೊಗಸಾಲೆ ಅಕ್ಷದ ಉದ್ದಕ್ಕೆ ಇರಬೇಕು. ಹಾಸಿಗೆಯನ್ನೂ ಹಾಗೆಯೇ ಹಾಕಬೇಕು, ನಿದ್ದೆಯಲ್ಲಿ ಮಗ್ಗುಲು ಬದಲಿಸಿದಾಗ ತಲೆ ಸುತ್ತಬಾರದು. ಯಂತ್ರಗಳ ಮುಂದೆ ಕೂರುವವನ ಎರಡು ಕಿವಿಗಳನ್ನು ಸೇರಿಸುವ ಗೆರೆ ಅಕ್ಷಕ್ಕೆ ಸಮಾಂತರವಾಗಿದ್ದು, ಅವನು ನೋಡಬೇಕಾದ ಮೀಟರುಗಳು ಎಡಬಲಕ್ಕೆ ಹರಡದೆ ಒಂದರ ಮೇಲೊಂದು ಇರಬೇಕು. ತಲೆಯನ್ನು ಮೇಲೆ ಕೆಳಗೆ ಆಡಿಸುವುದು ಅಲ್ಲಿ ಸುಖಕರ, ಅತ್ತಿತ್ತ ತಿರುಗಿಸುವುದು ಕಷ್ಟಕರ. ಅಮೆರಿಕದ ವಾಸ್ತುಶಿಲ್ಪಿ ಥಿಯೋಡರ್ ಹಾಲ್ ಇಂಥ ವಾಸಸ್ಥಾನಗಳ ಬಗ್ಗೆ ಬಹುಕಾಲ ಅಧ್ಯಯನ ಮಾಡಿದವರು. ನೌಕೆ ಯಾವ ಕಡೆಗೆ ತಿರುಗುತ್ತಿದೆಯೆಂಬುದು ಕೋಣೆಯ ರೂಪದಿಂದಲೇ ವಾಸಿಗಳಿಗೆ ತಿಳಿಯುವಂತಿರಬೇಕು ಎಂಬ ಅವರ ವಿಚಾರ ನನಗೆ ತುಂಬ ಒಪ್ಪಿಗೆಯಾಗಿದೆ.

ಇಲ್ಲಿ ನಮ್ಮವರಿಗೆ ಒಂದು ಸಲಹೆ ಕೊಡಬಯಸುತ್ತೇನೆ. ಇಕ್ಕಟ್ಟಿನಲ್ಲಿ ಸಂಸಾರ ಹೂಡುವ ವಿದ್ಯೆ ಮುಂಬಯಿಗೆ ಗೊತ್ತಿರುವಷ್ಟು ಬೇರೆ ಊರಿಗೆ ಗೊತ್ತಿರಲಾರದು. ಕಥೆಯ ನೌಕೆಗೆ ಪಂಚತಾರಾ ಹೋಟೆಲಿನ ಮೊಗಸಾಲೆಯ ಬದಲು ಗಿರಗಾಂವ್‌ನ ಚಾಳಿನ, ಅಂದರೆ ಹಳೆಯ ವಠಾರದ, ಪ್ಲಾನನ್ನು ಕೊಟ್ಟು ನೋಡಲಿ: ಒಂದು ಉದ್ದನೆಯ ಗ್ಯಾಲರಿ, ಅದರ ಬದಿಗೆ ಸಾಲಾಗಿ ಖೋಲಿಗಳು, ಖೋಲಿಯ ಮೂಲೆಯಲ್ಲಿ ನೀರು ಬಳಸುವ ಮೋರಿ. ಗ್ಯಾಲರಿಯನ್ನು ಅಕ್ಷದ ಉದ್ದಕ್ಕೆ ಇಟ್ಟರೆ ಓಡಾಟದ ಪ್ರಶ್ನೆ ತೀರುತ್ತದೆ. ಖೋಲಿ ಹನ್ನೆರಡು ಅಡಿ ಆಳವಿದ್ದು, ಅದರ ನೆಲವನ್ನು ಚಕ್ರದ ಬಾಗಿಗೆ ತಕ್ಕಂತೆ ಬಾಗಿಸದೆ ಚಪ್ಪಟೆಯಾಗಿ ಹಾಸಿದರೆ ನಡುಭಾಗ ಅಕ್ಷಕ್ಕೆ ಹತ್ತಿರವಾಗುತ್ತದೆ, ಬಾಗಿಲು ಮತ್ತು ಹಿಂಗೋಡೆ ದೂರವಾಗುತ್ತವೆ. ಕಣ್ಣಿಗೆ ಸಪಾಟಾಗಿ ಕಾಣುವ ಆ ನೆಲದ ನಡುಭಾಗ ನಿಜದಲ್ಲಿ ಒಂದು ಇಂಚಿಗೂ ಮಿಕ್ಕಿ ಎತ್ತರದಲ್ಲಿರುತ್ತದೆ, ಚೆಲ್ಲಿದ ನೀರು ಎರಡು ಕಡೆಗೂ ಹರಿಯುತ್ತದೆ. ಹಾಗಾಗಿ ಮೋರಿಯನ್ನು ಹಿಂಗೋಡೆಗೆ ಕೂರಿಸಿ, ಬಾಗಿಲಿಗೆ ಎತ್ತರದ ಹೊಸ್ತಿಲು ಕೊಟ್ಟರಾಯಿತು. ಇಳಿಜಾರು ಮಾಡಲು ಗವಂಡಿಯ ಅಗತ್ಯವೇ ಇಲ್ಲ. ಅದೇ ಚಪ್ಪಟೆ ನೆಲವನ್ನು 12 ಮೀಟರ್ ಉದ್ದದ ಸಭಾಂಗಣಕ್ಕೆ ಹಾಸಿದರೆ ಎರಡು ತುದಿಗಳಲ್ಲಿ 6 ಡಿಗ್ರಿ ಓರೆಯಾಗಿ ಗಾಲಿಯ ಕುರ್ಚಿಗಳು ಉರುಳಲು ತೊಡಗುತ್ತವೆ. ಅಲ್ಲಿ ನೆಲ ಬಾಗಲೇಬೇಕು. ಕಣ್ಣಿಗೆ ಎರಡೂ ತುದಿ ಏರಿದಂತೆ ಕಂಡರೂ ಕಾಲಿಗೆ ಎಲ್ಲ ಕಡೆಯೂ ಸಮವಾಗಿರುತ್ತದೆ.

ಅಡುಗೆಮನೆಯಲ್ಲಿ ಇನ್ನೊಂದು ಸಂಗತಿ ಎದುರಾಗುತ್ತದೆ. ಮಾಟುಂಗದ ಉಡುಪಿ ಹೋಟೆಲುಗಳಲ್ಲಿ ಕಾಫಿ ಮಾಡುವವನು ಕೈ ಎತ್ತಿ ಲೋಟದಿಂದ ಬಟ್ಟಲಿಗೆ ಒಂದು ಹನಿಯೂ ಆಚೀಚೆ ಬೀಳದಂತೆ ಕಾಫಿ ಸುರಿಯುತ್ತಾನೆ. ಅವನು ಈ ನೌಕೆಯಲ್ಲಿ ಅರ್ಧ ಮೀಟರ್ ಎತ್ತರದಿಂದ ಹಾಗೆಯೇ ಸುರಿದರೆ ಧಾರೆ ನೆಟ್ಟಗೆ ಇಳಿಯುವುದಿಲ್ಲ. ನೌಕೆ ತಿರುಗುವ ದಿಕ್ಕಿಗೆ ಎದುರಾಗಿ ಬಾಗುತ್ತ ಹೋಗಿ, ಸುಮಾರು ನಾಲ್ಕೂವರೆ ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಒಂದು ಮೀಟರ್ ಎತ್ತರದಿಂದ ಕೈಬಿಟ್ಟ ಚಮಚ 13 ಸೆಂಟಿಮೀಟರ್ ಸರಿದು ಬೀಳುತ್ತದೆ. ಇದನ್ನೇ ಕೊರಿಯೊಲಿಸ್ ಪರಿಣಾಮ ಎನ್ನುತ್ತಾರೆ. ಆದ್ದರಿಂದ ನಲ್ಲಿಗಳ ಬಾಯಿ ಪಾತ್ರೆಗೆ ಹತ್ತಿರವಿರಬೇಕು, ತೊಟ್ಟಿಗಳು ಒಂದು ಮಗ್ಗುಲಿಗೆ ಅಗಲವಾಗಿರಬೇಕು. ಅಕ್ಷದಿಂದ ಅಂಚಿಗೆ ಇಳಿಯುವ ಲಿಫ್ಟಿನಲ್ಲೂ ಇದೇ ಕಥೆ: ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಇಳಿಯುವವನನ್ನು ಅವನ ತೂಕದ ಆರನೇ ಒಂದರಷ್ಟು ಬಲ ಒಂದು ಗೋಡೆಗೆ ಒತ್ತುತ್ತದೆ, ಏರುವಾಗ ಎದುರಿನ ಗೋಡೆಗೆ. ನಿಲ್ಲಿಸಿದ ಏಣಿಯಾದರೆ ಏರುವುದಕ್ಕೊಂದು, ಇಳಿಯುವುದಕ್ಕೊಂದು ಎಂದು ಎದುರುಬದುರಾಗಿ ಎರಡು ಬೇಕು. ಇಲ್ಲವಾದರೆ ಒಂದು ದಿಕ್ಕಿನಲ್ಲಿ ಮನುಷ್ಯ ಏಣಿಯಿಂದ ದೂರಕ್ಕೆ ತಳ್ಳಲ್ಪಡುತ್ತಾನೆ.

ಯಾರು ಎಲ್ಲಿ ವಾಸಿಸಬೇಕೆಂಬ ವಿಚಾರದಲ್ಲಿ ಈ ನೌಕೆ ನಮ್ಮ ನಗರದ ರೂಢಿಯನ್ನೇ ತಿರುವುಮುರುವು ಮಾಡುತ್ತದೆ. ಲಿಫ್ಟಿಲ್ಲದ ಹಳೆಯ ಕಟ್ಟಡಗಳಲ್ಲಿ ಮಂಡಿನೋವಿನ ಹಿರಿಯರು ತಳಮಹಡಿಗಾಗಿ ಹಂಬಲಿಸುವುದನ್ನು, ನಾಲ್ಕನೆಯ ಮಹಡಿಯಲ್ಲೇ ಉಳಿದು ವರ್ಷಗಟ್ಟಲೆ ಬೀದಿ ಕಾಣದೆ ಇರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತಿರುಗುವ ನೌಕೆಯಲ್ಲಿ ಮೇಲೇರಿದಂತೆ ತೂಕ ಇಳಿಯುತ್ತದೆ: ಅಂಚಿನ ನೆಲದಿಂದ 15 ಮೀಟರ್ ಮೇಲೆ, ಅಂದರೆ ಐದು ಮಹಡಿ ಹತ್ತಿದರೆ, 60 ಕಿಲೋ ತೂಗುವ ಅಜ್ಜಿ 44 ಕಿಲೋ ಮಾತ್ರ ತೂಗುತ್ತಾರೆ. ಅವರಿಗೆ ಅಲ್ಲಿಯೇ ಮನೆ ಕೊಡಬೇಕು. ಎಲುಬು ಗಟ್ಟಿಯಾಗಬೇಕಾದ ಮಕ್ಕಳ ಶಾಲೆ ಪೂರ್ಣ ತೂಕದ ತಳಮಹಡಿಯಲ್ಲಿರಬೇಕು. ಉಗ್ರಾಣವೂ ಬೇರೆ ನೌಕೆಗಳು ಬಂದು ಸೇರುವ ಬಾಗಿಲೂ ತೂಕವೇ ಇಲ್ಲದ ಅಕ್ಷದ ಬಳಿ ಇರಬೇಕು. ಮೇಲಿನ ಮನೆಯ ಅಜ್ಜಿಗೆ ಮೊಮ್ಮಗನ ಶಾಲೆಯ ವಾರ್ಷಿಕೋತ್ಸವಕ್ಕೆ ಇಳಿದುಬರುವುದೇ ದೊಡ್ಡ ಪ್ರಯಾಸವಾಗುವ ಕಥೆಯನ್ನು ಯಾರಾದರೂ ಬರೆದರೆ ನಾನು ಮೊದಲ ಓದುಗನಾಗುತ್ತೇನೆ. ಇಂಥ ನೌಕೆಯಲ್ಲೇ ಹುಟ್ಟಿ ಬೆಳೆದ ಹುಡುಗ ಭೂಮಿಗೆ ಬಂದು, ಎಸೆದ ಚೆಂಡು ಯಾಕೆ ಬಾಗದೆ ನೆಟ್ಟಗೆ ಹೋಗುತ್ತಿದೆಯೆಂದು ಕಂಗಾಲಾಗುವುದೂ ಒಳ್ಳೆಯ ಕಥೆಯೇ.

ತಿರುಗುತ್ತಿರುವಾಗಲೇ ಎಂಜಿನ್ನನ್ನೂ ಉರಿಸಿದರೆ ಏನಾಗುತ್ತದೆಂಬುದನ್ನು ನಮ್ಮ ಲೋಕಲ್ ಗಾಡಿಯ ಹಿಡಿಕೆಗಳು ತೋರಿಸಿಕೊಡುತ್ತವೆ. ಗಾಡಿ ದಾದರ್ ಬಿಟ್ಟು ವೇಗ ಏರಿಸಿಕೊಳ್ಳುವಾಗ ಸಾಲು ಹಿಡಿಕೆಗಳೆಲ್ಲ ಒಟ್ಟಿಗೆ ಹಿಂದಕ್ಕೆ ವಾಲುತ್ತವೆ. ಆ ಹೊತ್ತಿಗೆ ಡಬ್ಬಿಯಲ್ಲಿದ್ದವರಿಗೆ ಕೆಳಗು ಎಂಬುದು ಅವು ತೋರಿಸುವ ದಿಕ್ಕೇ. ಪೂರ್ಣ ತೂಕಕ್ಕೆ ತಿರುಗುವ ನೌಕೆ ಅದರ ಹತ್ತನೇ ಒಂದರಷ್ಟು ವೇಗೋತ್ಕರ್ಷದಿಂದ ಅಕ್ಷದ ದಿಕ್ಕಿಗೆ ಮುಂದೊತ್ತಿದರೆ, ಅಕ್ಷದ ಉದ್ದಕ್ಕಿರುವ ನಮ್ಮ ಗ್ಯಾಲರಿ ಸುಮಾರು 6 ಡಿಗ್ರಿಯ ಇಳಿಜಾರಾಗಿಬಿಡುತ್ತದೆ. ತಿರುಗುವುದನ್ನು ನಿಲ್ಲಿಸಿಯೇ ಎಂಜಿನ್ ಉರಿಸುವುದು ಒಂದು ದಾರಿ. ಕೋಣೆಗಳನ್ನು ಕೀಲಿನ ಮೇಲೆ ತೂಗಾಡುವಂತೆ ಕಟ್ಟುವುದು ಇನ್ನೊಂದು. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಕಥೆಗೆ ಸೊಗಸೇ.

ನೆಲದಡಿಯ ಹಲಗೆಯಿಂದಲೇ ಗುರುತ್ವ ಹೊರಡುತ್ತದೆ ಎಂದು ಕಲ್ಪಿಸಿಕೊಳ್ಳುವವರೂ ಇದ್ದಾರೆ. ಹಾಗೆ ಮಾಡಬಲ್ಲ ಭೌತವಿಜ್ಞಾನ ನಮ್ಮಲ್ಲಿಲ್ಲ, ಆದರೂ ಅದನ್ನು ನಾನು ತಳ್ಳಿಹಾಕುವುದಿಲ್ಲ. ಅಂಥ ಹಲಗೆ ಇದ್ದಮೇಲೆ ಎಲ್ಲ ನೆಲಗಳೂ ಒಂದೇ ದಿಕ್ಕಿಗೆ ಏಕಿರಬೇಕೆಂದು ಮಾತ್ರ ಕೇಳುತ್ತೇನೆ. ಒಂದೇ ಹಲಗೆಯ ಎರಡು ಮೈಯಲ್ಲೂ ಮನೆಗಳಿರಬಹುದಲ್ಲವೇ? ಹಲಗೆ ಹಾಸದ ಒಂದು ಬಾವಿಯನ್ನು ನಡುವೆ ಬಿಟ್ಟರೆ ಸಾಮಾನುಗಳೆಲ್ಲ ತೂಕವಿಲ್ಲದೆ ಮಹಡಿಯಿಂದ ಮಹಡಿಗೆ ತೇಲಿಹೋಗುತ್ತವಲ್ಲ? ಹಲಗೆಯ ಸೆಳೆತ ಕೆಳಗಿನ ಮನೆಯ ಸೂರಿಗೂ ತಾಗುತ್ತದೆಯೇ, ಕರೆಂಟು ಹೋದಾಗ ಅದೂ ನಿಲ್ಲುತ್ತದೆಯೇ? ಇವಕ್ಕೆ ಉತ್ತರ ಕೊಡದೆ ಸಮುದ್ರದ ಹಡಗಿನ ಪ್ಲಾನನ್ನೇ ಆಕಾಶಕ್ಕೆ ಎತ್ತಿದರೆ ಅಷ್ಟು ದೊಡ್ಡ ಕಲ್ಪನೆಯನ್ನು ಮಾಡಿಕೊಂಡದ್ದೇ ವ್ಯರ್ಥವಾಗುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಪುರವಣಿಗೆ ಅಂತರಿಕ್ಷದ ಕಥೆಗಳನ್ನು ಆಹ್ವಾನಿಸುವಾಗ, ಕಥೆಯ ಜೊತೆಗೆ ನೌಕೆಯ ಒಂದು ಸೆಕ್ಷನ್ನನ್ನೂ ಕಳಿಸುವಂತೆ ಬರಹಗಾರರನ್ನು ಕೇಳಿರಿ. ಅಂದವಾಗಿರಬೇಕಿಲ್ಲ, ತೂಕ ಯಾವ ಕಡೆಗೆಂಬ ಬಾಣದ ಗುರುತು, ಅಂದಾಜು ಅಳತೆ, ಸುತ್ತಿನ ವೇಗ ಇದ್ದರೆ ಸಾಕು. ಅದು ಪ್ರಕಟವಾಗದಿದ್ದರೂ ಚಿತ್ರ ಬಿಡಿಸುವವರ ಕೈಗೆ ತಪ್ಪದೆ ತಲುಪಲಿ. ಬರೆಯುವವರಿಗೆ ಇದು ಕಷ್ಟವೆಂದು ತಮಗೆ ಅನ್ನಿಸಬಹುದು, ಆದರೆ ಇದಕ್ಕೆ ಬೇಕಾದ ಲೆಕ್ಕ ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರಕ್ಕಿಂತ ಮುಂದಿನದಲ್ಲ. ಬಯಸುವ ಬರಹಗಾರರಿಗೆ ಲೆಕ್ಕ ಹಾಕಿ ಸೆಕ್ಷನ್ ಬರೆದುಕೊಡಲು ನಾನು ಯಾವ ಸಂಭಾವನೆಯೂ ಇಲ್ಲದೆ ಸಿದ್ಧನಿದ್ದೇನೆ. ನನ್ನ ವಿಳಾಸ ತಮ್ಮ ಕಚೇರಿಯಲ್ಲಿದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ನಕ್ಷೆಗಾರ
ಮಾಟುಂಗ, ಮುಂಬಯಿ